ಹೆಸರು ಹಾಕಿದ ಪುಟ

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಗಳಲ್ಲಿ ಈ ಕತೆಯನ್ನು ಈಗಲೂ ಹೇಳುತ್ತಾರೆ. ಹೇಳುವವರಲ್ಲಿ ಎರಡು ಪಕ್ಷ. ಒಂದು ಪಕ್ಷದ ಪ್ರಕಾರ, ಎಲ್ಲೋ ಪರಮುಲಕಿನಲ್ಲಿ ಅನಾಥನಾಗಿ ಹೋಗುತ್ತಿದ್ದ ಮನುಷ್ಯನನ್ನು ಕಂಪ್ಯೂಟರು ಹುಡುಕಿಕೊಟ್ಟಿತು, ಅವನಿಗೆ ತನ್ನ ಊರಿನ ಮಣ್ಣು ಸಿಕ್ಕಿತು. ಇನ್ನೊಂದು ಪಕ್ಷದ ಪ್ರಕಾರ ಕಂಪ್ಯೂಟರಿನದೇನೂ ಇಲ್ಲ. ಅವನ ಹೆಂಡತಿ ಕೊನೆಯವರೆಗೂ ಗಂಡನ ಹೆಸರು ಹಿಡಿದು ಮಾತಾಡಲಿಲ್ಲ, ಆ ಪುಣ್ಯವೇ ಸುದ್ದಿ ತಂದಿತು. ಎರಡೂ ಪಕ್ಷದವರು ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಏಕೆಂದರೆ ಕಂಪ್ಯೂಟರಿನಲ್ಲಿ ಆ ಪುಟ ಬರೆದವಳು ನಾನು.

ನಾನು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಮೊದಲ ಪಕ್ಷಕ್ಕೆ ನನ್ನ ಪ್ರಶ್ನೆ: ಹುಡುಕಿಕೊಟ್ಟಿತು ಎನ್ನುತ್ತೀರಿ, ಯಾವಾಗ ಎಂದು ಯಾಕೆ ಹೇಳುವುದಿಲ್ಲ? ಎರಡನೆಯ ಪಕ್ಷಕ್ಕೆ: ಪುಣ್ಯ ಅಷ್ಟು ಗಟ್ಟಿ ಇದ್ದರೆ ಒಂದೇ ಒಂದು ವಾರ ಮೊದಲು ಕೆಲಸ ಮಾಡಬಾರದಿತ್ತೇ? ಆದರೆ ಎರಡನೆಯವರ ಮಾತಿನೊಳಗೆ ಒಂದು ಚೂರು ನಿಜ ಸಿಕ್ಕಿಕೊಂಡಿದೆ. ಅದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ, ಮತ್ತು ಮೂರು ವರ್ಷ ಒಬ್ಬರನ್ನು ಬಿಟ್ಟರೆ ಯಾರ ಮುಂದೆಯೂ ಅದನ್ನು ಹೇಳಿರಲಿಲ್ಲ.

ನಾನು ಮೋರಟಗಿಯವಳು. ಕಾಲೇಜಿನಲ್ಲಿದ್ದಾಗ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಹೋಗುತ್ತಿದ್ದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು; ಯಾವುದು ಬಂದರೂ ನನಗೆ ನಡೆಯುತ್ತಿತ್ತು. ನಮ್ಮನ್ನು ತಯಾರು ಮಾಡುತ್ತಿದ್ದ ಸರ್ ಒಂದು ಪಾಠವನ್ನು ಪ್ರತಿ ಸಲ ಹೇಳಿ ಕಳಿಸುತ್ತಿದ್ದರು: "ಹತ್ತು ಮಾತ ಇದ್ರ ಮೂರು ಹೇಳಿ ಕೂಡು. ನಾಲ್ಕನೇದು ಸಡಿಲ ಇತ್ತಂದ್ರ ಎದುರಿನವ ಅದನ್ನ ಹಿಡದ ಜಗ್ತಾನ, ಉಳಿದದ್ದೂ ಬಿಚ್ಚಿ ಹೋಗ್ತೈತಿ." ಈ ಪಾಠ ನನಗೆ ಚೆನ್ನಾಗಿ ಬಂದಿತ್ತು. ಸಡಿಲ ಮಾತು ಕಂಡರೆ ಕೈ ತಾನಾಗಿಯೇ ಗೀಟು ಹೊಡೆಯುತ್ತಿತ್ತು.

ಡಿಗ್ರಿ ಮುಗಿದ ಮೇಲೆ, ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದಾಗ, ಸಿಂದಗಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆ. ಮಾಲೀಕರನ್ನು ಓಣಿಯೆಲ್ಲ ಚಾಚಾ ಎನ್ನುತ್ತಿತ್ತು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರು, ಆಮೇಲೆ ಟೀವಿ, ಆಮೇಲೆ ಎಸ್‌ಟಿಡಿ ಬೂತು, ಈಗ ನಾಲ್ಕು ಕಂಪ್ಯೂಟರು. ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯಲ್ಲ. ಪರೀಕ್ಷೆಯ ಫಲಿತಾಂಶ ತೆಗೆದುಕೊಡುವುದು, ಅರ್ಜಿ ತುಂಬುವುದು ನಮ್ಮ ದಿನದ ಕೆಲಸ. ಅದರ ಜೊತೆಗೆ ಯಾರಾದರೂ ಅಂಗಡಿಯವರು, ನರ್ಸರಿಯವರು ಬಂದರೆ ಅವರ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಡುತ್ತಿದ್ದೆವು.

ಪುಟ ಮಾಡುವುದು ಸುಲಭ. ಅದನ್ನು ಯಾರಾದರೂ ನೋಡುವಂತೆ ಮಾಡುವುದೇ ಕಷ್ಟ. ಹುಡುಕುವ ಯಂತ್ರದಲ್ಲಿ ಜನ ಏನೋ ಪದ ಟೈಪ್ ಮಾಡುತ್ತಾರೆ, ಅದು ಲಕ್ಷಗಟ್ಟಲೆ ಪುಟ ತೋರಿಸುತ್ತದೆ, ಜನ ಮೊದಲ ಹತ್ತು ನೋಡಿ ಎದ್ದು ಹೋಗುತ್ತಾರೆ. ಆ ಹತ್ತರಲ್ಲಿ ಸಿಂದಗಿಯ ಪುಟ ಬರುವುದು ಹೇಗೆ? ಚಾಚಾ ಎಲ್ಲಿಂದಲೋ ಓದಿಕೊಂಡು ಬಂದರು: ಲಾಂಗ್ ಟೇಲ್ ಕೀವರ್ಡ್. ಒಂದೆರಡು ಪದದ ದೊಡ್ಡ ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ, ಅಲ್ಲಿ ನೂಕುನುಗ್ಗಲು, ಅದು ತಲೆ. ಐದಾರು ಪದದ ಉದ್ದ ಪ್ರಶ್ನೆಗಳನ್ನು ಒಬ್ಬಿಬ್ಬರು ಮಾತ್ರ ಕೇಳುತ್ತಾರೆ, ಆದರೆ ಅಂಥವು ಮುಗಿಯದಷ್ಟು ಇವೆ, ಅದು ಬಾಲ. ನಮ್ಮಂಥವರಿಗೆ ಜಾಗ ಇರುವುದು ಬಾಲದಲ್ಲಿ.

"ವಕೀಲಬಾಯಿ, ಎನ್‌ಕ್ವಾಯರಿ ಕಿಟಕಿಗೆ ಹೋಗಿ 'ಬಸ್ ಯಾವಾಗ ಐತ್ರಿ' ಅಂತ ಕೇಳು. ಏನಂತಾನ?" ಎಂದರು ಚಾಚಾ.

"ಬೈತಾನ."

"'ಮೋರಟಗಿಗೆ ಹೊಂಟೇನ್ರಿ, ಸಂತಿ ಗಂಟ ಐತಿ, ಮ್ಯಾಲ ಹಾಕಾಕ ಬರೂವಂಥಾ ಬಸ್ ಯಾವಾಗ' ಅಂತ ಕೇಳಿದ್ರ?"

"ಆಗೂ ಬೈತಾನ್ರಿ ಚಾಚಾ. ಆದ್ರ ಬಸ್ ತೋರಿಸಿ ಬೈತಾನ."

"ಹಾಂ. ಅದ ಉದ್ದ ಬಾಲ."

ನಾನು ಒಪ್ಪಲಿಲ್ಲ. ಒಬ್ಬ ಕೇಳಬಹುದಾದ ಪ್ರಶ್ನೆಗಾಗಿ ಒಂದು ಪುಟ ಬರೆಯುವುದೆಂದರೆ ಒಬ್ಬ ಪ್ರಯಾಣಿಕನಿಗಾಗಿ ಒಂದು ಬಸ್ಸು ಬಿಟ್ಟಂತೆ ಎಂದು ವಾದಿಸಿದೆ. ಚಾಚಾ ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಳ್ಳುತ್ತಾ, "ಆ ಒಬ್ಬನಿಗೆ ಹೋಗೂದು ಜರೂರ ಇತ್ತಂದ್ರ?" ಎಂದರು. ಅದು ಭಾವನೆಯ ವಾದ, ತರ್ಕದ್ದಲ್ಲ ಎಂದೆ.

ಆದರೆ ಇಂಡಿಯ ನಿಂಬೆಯಲ್ಲಿ ನಾನು ಸೋತೆ. ಅಲ್ಲಿಯ ನರ್ಸರಿಯ ಒಬ್ಬ ಅಜ್ಜ ಸಸಿ ಮಾರಾಟಕ್ಕೆ ಪುಟ ಮಾಡಿಸಿದ್ದರು. ನಾನು ಇಂಗ್ಲಿಷಿನಲ್ಲಿ 'ಉತ್ತಮ ನಿಂಬೆ ಸಸಿ' ಎಂಬಂಥ ಮೂರು ಪದ ದಪ್ಪಗೆ ಹಾಕಿದ್ದೆ. ಎರಡು ತಿಂಗಳು ಒಬ್ಬರೂ ಬರಲಿಲ್ಲ. ಚಾಚಾ ಅಜ್ಜನನ್ನು ಕೂರಿಸಿಕೊಂಡು, ನರ್ಸರಿಗೆ ಬಂದವರು ನಿಂತು ಏನು ಕೇಳುತ್ತಾರೋ ಅದನ್ನೇ ಹೇಳಿಸಿದರು. ಎರೆಮಣ್ಣಿನಲ್ಲಿ ಬರುತ್ತದೆಯೇ, ಬೇಸಿಗೆಯಲ್ಲಿ ಕಾಯಿ ಹಿಡಿಯುತ್ತದೆಯೇ, ಸಿಪ್ಪೆ ತೆಳುವೇ, ಎಷ್ಟನೇ ವರ್ಷಕ್ಕೆ ಕಾಯಿ. ಅದನ್ನೆಲ್ಲ ಹಾಗೇ ಇಂಗ್ಲಿಷಿಗೆ ಇಳಿಸಿ ಪುಟದಲ್ಲಿ ತುಂಬಿದೆವು. ಹದಿನೈದು ದಿನದಲ್ಲಿ ಲಾತೂರಿನ ಕಡೆಯಿಂದ ಒಬ್ಬರು ಫೋನ್ ಮಾಡಿ ಒಂದು ಲಾರಿ ಸಸಿ ತರಿಸಿಕೊಂಡರು. ಪುಟಕ್ಕೆ ಚಾಚಾ ಒಂದು ಉಚಿತ ಕೌಂಟರ್ ಜೋಡಿಸಿದ್ದರು. ಯಾರು ಯಾವ ಪದ ಟೈಪ್ ಮಾಡಿ ನಮ್ಮಲ್ಲಿಗೆ ಬಂದರು ಎಂಬುದನ್ನು ಅದು ತೋರಿಸುತ್ತಿತ್ತು. ಲಾತೂರಿನವರು ಟೈಪ್ ಮಾಡಿದ್ದು: ಎರೆಮಣ್ಣು, ಬೇಸಿಗೆ ಕಾಯಿ, ತೆಳು ಸಿಪ್ಪೆ ನಿಂಬೆ. ಅಜ್ಜನ ಮಾತೇ.

ಆ ಲಾರಿಯ ಡ್ರೈವರು ದೇವರ ಹಿಪ್ಪರಗಿಯ ಹತ್ತಿರದ ಒಬ್ಬಾತ. ಸಿಂದಗಿಯಲ್ಲಿ ಬೇಕಾದವರನ್ನು ಹುಡುಕಿಕೊಡುವ ಕಂಪ್ಯೂಟರು ಇದೆ ಎಂದು ತನ್ನ ಅಕ್ಕನಿಗೆ ಹೇಳಿ ಕಳಿಸಿದವನು ಅವನೇ.

ಆ ಅಕ್ಕ ಬಂದದ್ದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ. ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯಿಂದ ಬಾಗೇವಾಡಿ, ಹಿಪ್ಪರಗಿ ಎಂದು ಬಸ್ಸು ಬದಲಿಸುತ್ತ ಒಬ್ಬಳೇ ಬಂದಿದ್ದಳು. ವಯಸ್ಸು ನಲವತ್ತರ ಒಳಗೆ. ಗಂಡ ಪರಸಿ ಕೂಡಿಸುವ ಕೆಲಸದವನು. ಅಂದರೆ ನಮ್ಮ ಕಡೆಯ ಹಾಸುಗಲ್ಲನ್ನು ಮನೆಗಳ ನೆಲಕ್ಕೆ ಹೊಂದಿಸುವವನು. ಕೆಲಸಕ್ಕೆಂದು ಮಹಾರಾಷ್ಟ್ರಕ್ಕೆ ಹೋಗಿದ್ದ. ವಾರಕ್ಕೊಮ್ಮೆ ಬಾಜು ಮನೆಗೆ ಫೋನ್ ಮಾಡುತ್ತಿದ್ದವನು ನಲವತ್ತು ದಿನದಿಂದ ಮಾಡಿಲ್ಲ. ಕರೆದುಕೊಂಡು ಹೋದ ಗುತ್ತಿಗೆದಾರ, ನಮ್ಮ ಕೆಲಸ ಬಿಟ್ಟು ಹೋದ, ಮುಂದಿನದು ಗೊತ್ತಿಲ್ಲ ಎನ್ನುತ್ತಾನೆ. ಪೊಲೀಸರು ಬರೆದುಕೊಂಡಿದ್ದಾರೆ.

"ಜೀವಂತ ಅದಾರೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ ತಂಗಿ," ಎಂದಳು. "ಅದಾರಂದ್ರ ನಾ ಹೋಗಿ ಕರಕೊಂಡು ಬರ್ತೇನಿ. ಮೊನ್ನೆ ಬಾಜೂಮನ್ಯಾಗ ಉಡಿ ತುಂಬಾಕತ್ತಿದ್ರು. ನನ್ನ ಹಣಿತನಾ ಕುಂಕುಮ ತಂದಾಕಿ ಕೈ ಹಿಂದ ತಗೊಂಡ್ಲು. ಹಚ್ಚಬೇಕೋ ಬ್ಯಾಡೋ ಆಕಿಗೆ ತಿಳೀಲಿಲ್ಲ. ನನಗೂ ತಿಳೀಲಿಲ್ಲ."

ನಾನು ನೋಟ್‌ಬುಕ್ ತೆಗೆದು ಕೇಳಿದೆ, "ಅವರ ಹೆಸರೇನ್ರಿ?"

ಆಕೆ ಸೆರಗು ಎಳೆದುಕೊಂಡು ಗೋಡೆ ನೋಡಿದಳು. "ಹೇಳಾಕ ಬರೂದಿಲ್ಲ."

"ಗೊತ್ತಿಲ್ಲೇನು?"

ಹಿಂದಿನಿಂದ ಚಾಚಾ, "ಗೊತ್ತಿಲ್ಲದ ಇಷ್ಟ ವರ್ಷ ಬಾಳೇವ ಮಾಡ್ಯಾರೇನು? ಹೆಸರು ಹಿಡ್ಯೂದಿಲ್ಲ ಅವರು. ಬಾಜೂಕ ಇದ್ದವರು ಯಾರರ ಹೇಳಬೇಕು," ಎಂದರು. ಬಾಜೂಕ ಯಾರೂ ಇರಲಿಲ್ಲ.

ನನ್ನೊಳಗಿನ ಸ್ಪರ್ಧಿ ಎದ್ದು ನಿಂತಳು. "ಅಕ್ಕಾರ, ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತೈತಿ ಅಂತೀರಿ. ಅವರ ಗೆಳ್ಯಾರು ದಿನಾ ಕರೀತಾರ, ಅದರಲೆ ಕಮ್ಮಿ ಆಗೂದಿಲ್ಲೇನು?"

"ಅವರು ಗೆಳ್ಯಾರು. ನಾ ಹೆಂಡ್ತಿ."

"ಇದ್ಯಾವ ನ್ಯಾಯ?"

"ನ್ಯಾಯ ಅಂತ ಯಾರಂದ್ರು, ರೂಢಿ. ಇಷ್ಟ ದಿನಾ ಮುರೀಲಾರದ್ದು, ಇಂಥಾ ಹೊತ್ತಿನ್ಯಾಗ ಯಾಕ ಮುರೀಲಿ?"

ನಾನು ದಾರಿ ಬದಲಿಸಿದೆ. ರೇಷನ್ ಕಾರ್ಡು ತಂದೀರೇನು ಎಂದು ಕೇಳಿ ಇಸಿದುಕೊಂಡು, ಅದರಲ್ಲಿದ್ದ ಹೆಸರನ್ನು ನಾನೇ ಗಟ್ಟಿಯಾಗಿ ಓದಿದೆ. ನಮ್ಮ ಜಿಲ್ಲೆಯಲ್ಲಿ ಓಣಿಗೊಬ್ಬರಿಗಾದರೂ ಇರುವ ಹೆಸರು. "ಇದ ಹೌದಲ್ರಿ?"

"ಅದು ಸರಕಾರದ ಹೆಸರವ್ವ," ಎಂದಳು.

ಜಾರಿಕೊಳ್ಳಲು ಹೇಳುತ್ತಿದ್ದಾಳೆ ಎಂದುಕೊಂಡೆ. "ಸರಕಾರದ್ದ ಸಾಕು ನಮಗ," ಎಂದು ಬರೆದುಕೊಂಡೆ. ಚಾಚಾನ ಕಡೆ ತಿರುಗಿ ನೋಡಿದ್ದೂ ನೆನಪಿದೆ, ಗೆದ್ದವರು ಜಡ್ಜುಗಳ ಕಡೆ ನೋಡುವ ಹಾಗೆ.

ಆಮೇಲೆ ಗುರುತು ಹೇಳಿ ಎಂದೆ. ಆಕೆ ಹೇಳತೊಡಗಿದಳು. ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದಳು. ನೆಲದ ಮೇಲೆ ಕೂತು ಕೂತು ಮಂಡಿ ಎರಡೂ ಕಪ್ಪಾಗಿ ದಡ್ಡುಗಟ್ಟಿವೆ. ಬಲಗೈ ಹೆಬ್ಬೆರಳ ಉಗುರು ಎರಡು ಸೀಳು. ಕನ್ನಡ ಬಿಟ್ಟರೆ ಬೇರೆ ಮಾತು ತಿಳಿಯದು. ಅಂಗಿಯ ಕಿಸೆ ಹರಿದಿತ್ತು, ಬಿಳಿ ದಾರ ತೀರಿದ್ದರಿಂದ ಹಸಿರು ದಾರದಲ್ಲಿ ಹೊಲಿದು ಕಳಿಸಿದ್ದಾಳೆ. ಎಲ್ಲಿ ಹೋದರೂ, ಬೀಗರ ಮನೆಯಾದರೂ ಸರಿ, ಕೂರುವ ಮೊದಲು ಬೆರಳ ಗೆಣ್ಣಿನಿಂದ ನೆಲ ಬಡಿದು ನೋಡುತ್ತಾನೆ, ಕೆಳಗೆ ಪೊಳ್ಳಿದೆಯೋ ಎಂದು. ಊಟಕ್ಕೆ ಬಾಗಿಲ ಕಡೆ ಬೆನ್ನು ಮಾಡಿ ಕೂರುವುದಿಲ್ಲ. ಹೀಗೆ ಹನ್ನೊಂದು ಬರೆದುಕೊಂಡೆ. ಈ ಆರು ನನಗೆ ನೆನಪಿವೆ, ಏಕೆಂದರೆ ಇವುಗಳಲ್ಲಿ ಕೆಲವು ಮುಂದೆ ಬೇಡ ಬೇಡವೆಂದರೂ ತಲೆಯೊಳಗೆ ಕೂತವು. ಉಳಿದ ಐದು ಆ ನೋಟ್‌ಬುಕ್ಕಿನ ಜೊತೆಗೇ ಹೋದವು.

ಕರೆಂಟು ಬಂದ ಮೇಲೆ ಪುಟ ಮಾಡಲು ಕೂತೆ. ದಪ್ಪ ಅಕ್ಷರದಲ್ಲಿ ಮೇಲೆ ರೇಷನ್ ಕಾರ್ಡಿನ ಹೆಸರು. ಕೆಳಗೆ ನಾಲ್ಕು ಗುರುತು: ಕಪ್ಪು ಮಂಡಿ, ಸೀಳು ಉಗುರು, ಕನ್ನಡ ಮಾತ್ರ ತಿಳಿಯುವವ, ಜೊತೆಗೆ ನಾನೇ ಸೇರಿಸಿದ ಕಲ್ಲು ಕೆಲಸದವ. ಹನ್ನೊಂದರಲ್ಲಿ ಉಳಿದ ಎಂಟಕ್ಕೆ ಗೀಟು. ಫೋಟೋ ಎಂದರೆ ಅದೇ ಕಾರ್ಡಿನದು. ಸ್ಕ್ಯಾನ್ ಮಾಡಿದರೆ ಮುಖವಿದ್ದ ಕಡೆ ಮಸಿ ಬಿತ್ತು.

ಚಾಚಾ ನೋಟ್‌ಬುಕ್ ನೋಡಿ, "ಆ ಬಾಯಿ ಇಷ್ಟ ಹೇಳ್ಯಾಳ, ನೀ ಇಷ್ಟ ಹಾಕೀದಿ?" ಎಂದರು.

"ಅಂಗಿ ದಾರದ ಬಣ್ಣ ಯಾರು ಹುಡುಕ್ತಾರ್ರಿ? ನೆಲಾ ಬಡ್ಯೂದನ್ನ ಬರದ್ರ ಹುಚ್ಚ ಅಂದಾರು. ಹೆಸರ ಐತಿ, ನಾಕ ಗಟ್ಟಿ ಗುರ್ತ ಅದಾವು. ಸಾಕು."

"ನಿಂಬಿಕಾಯಿಗೆ ಉದ್ದ ಬಾಲ ಇಟ್ಟಿ. ಮನುಷ್ಯಾಗ ಕತ್ತರಿಸಿದೆಲ್ಲ?"

ನಾನು ನಕ್ಕೆ. ಅವರೂ ನಕ್ಕರು. ಪುಟ ಹೋಯಿತು.

ಮೂರು ವಾರ ಜನ ಬಂದದ್ದು ಸುಳ್ಳಲ್ಲ. ಕೌಂಟರಿನಲ್ಲಿ ದಿನಕ್ಕೆ ಹತ್ತು ಹನ್ನೆರಡು. ಆದರೆ ಬಂದವರೆಲ್ಲ ಆ ಹೆಸರಿನಿಂದ ಬಂದವರು. ಒಬ್ಬರು ಅದೇ ಹೆಸರಿನ ಅಧಿಕಾರಿಯ ವಿಳಾಸ ಹುಡುಕುತ್ತಿದ್ದರು, ಒಬ್ಬರು ಅದೇ ಹೆಸರಿನ ಹುಡುಗನ ಪರೀಕ್ಷೆಯ ನಂಬರು. ಕ್ಷಣ ನೋಡಿ ಹೋಗುತ್ತಿದ್ದರು. ತಲೆಯ ನೂಕುನುಗ್ಗಲಿನಲ್ಲಿ ಅವನನ್ನು ನಿಲ್ಲಿಸಿದವಳು ನಾನೇ ಎಂದು ಆಗ ಹೊಳೆಯಲಿಲ್ಲ. ಆಕೆ ವಾರಕ್ಕೊಮ್ಮೆ ಬಾಜು ಮನೆಯಿಂದ ಫೋನ್ ಮಾಡಿ, "ಏನರ ಬಂತೇನವ್ವ?" ಎನ್ನುತ್ತಿದ್ದಳು. ನಾನು, "ಭಾಳ ಮಂದಿ ನೋಡಾಕತ್ತಾರ್ರಿ," ಎನ್ನುತ್ತಿದ್ದೆ.

ಕೌಂಟರನ್ನು ನಾನು ಸೋಮವಾರಕ್ಕೊಮ್ಮೆ ಪೂರ್ತಿ ಓದುತ್ತಿದ್ದೆ. ನಾಲ್ಕನೆಯ ಸೋಮವಾರ ಅದರಲ್ಲಿ ಒಂದು ಉದ್ದ ಸಾಲಿತ್ತು. ಹಿಂದಿನ ಗುರುವಾರ ಯಾರೋ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ಅದರ ಅರ್ಥ ಹೀಗೆ: ಕನ್ನಡ ಮಾತ್ರ ತಿಳಿಯುವ ಗಂಡಸು, ಕಪ್ಪು ಮಂಡಿ, ಕಲ್ಲು ಕೆಲಸ, ಕಿಸೆಗೆ ಹಸಿರು ದಾರದ ಹೊಲಿಗೆ, ಮನೆಯವರು ಯಾರು.

ಹಸಿರು ದಾರ ನಮ್ಮ ಪುಟದಲ್ಲಿ ಇರಲಿಲ್ಲ. ನಾನು ಗೀಟು ಹೊಡೆದಿದ್ದೆ. ಅಂದರೆ ಆ ಅಂಗಿಯನ್ನು ಕಣ್ಣಾರೆ ಕಂಡವರು ಯಾರೋ ಎಲ್ಲಿಯೋ ಇದ್ದಾರೆ. ಉಳಿದ ಮಾತುಗಳಿಂದ ನಮ್ಮ ಪುಟಕ್ಕೆ ಬಂದಿದ್ದಾರೆ, ಓದಿದ್ದಾರೆ, ಫೋನ್ ನಂಬರು ಅಲ್ಲೇ ಇದ್ದರೂ ಫೋನ್ ಮಾಡದೆ ಹೋಗಿದ್ದಾರೆ.

ಚಾಚಾ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ದಾರ ಹಾಕು ಮೊದಲು," ಎಂದರು.

ಹಾಕಿದೆ. ಹಸಿರು ದಾರವನ್ನು ಹೆಸರಿಗಿಂತ ಮೇಲೆ ಹಾಕಿದೆ. ಕೌಂಟರು ಆ ನೋಡಿದವರ ಊರು ಮುಂಬೈ ಎಂದು ತೋರಿಸುತ್ತಿತ್ತು. ಆಕೆಯ ತಮ್ಮ, ಆ ಡ್ರೈವರು, ಲಾರಿ ಬಿಟ್ಟು ಆ ಕಾರ್ಡು ಹಿಡಿದುಕೊಂಡು ಮುಂಬೈಗೆ ಹೋದ, ಒಂಬತ್ತು ದಿನ ದವಾಖಾನೆ ದವಾಖಾನೆ ತಿರುಗಿ ಬರಿಗೈಯಲ್ಲಿ ಬಂದ. ಆ ಕೌಂಟರು ನೋಡುವವರ ಊರನ್ನಲ್ಲ, ಅವರ ಲೈನು ಹಾಯ್ದು ಬರುವ ದೊಡ್ಡ ಊರನ್ನು ತೋರಿಸುತ್ತದೆ ಎಂದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಆ ಗುರುವಾರದಿಂದ ಇಪ್ಪತ್ತನೆಯ ದಿನ ಸೆಂಟರಿಗೆ ಫೋನು ಬಂತು. ಹೆಣ್ಣು ಧ್ವನಿ, ಮರಾಠಿ ಬೆರೆತ ನಮ್ಮ ಕಡೆಯದೇ ಕನ್ನಡ. ಆಕೆ ಗಡಿಯಾಚೆಯ ಜತ್ತ ಕಡೆಯವರು. ಮಹಾರಾಷ್ಟ್ರದ ಒಂದು ದೊಡ್ಡ ದವಾಖಾನೆಯಲ್ಲಿ, ದಿಕ್ಕಿಲ್ಲದ ರೋಗಿಗಳ ಮನೆಯವರನ್ನು ಹುಡುಕುವುದು ಅವರ ಕೆಲಸ.

"ಹಸರ ದಾರದ ಅಂಗಿ ಅಂತ ಬರದೀರಲ್ರಿ. ನೀವು ಅವರ ಮನಿಯವರೇನ್ರಿ?"

"ಅಲ್ರಿ. ಅವರ ಪರವಾಗಿ ಬರದಾಕಿ. ಅವರು ಹ್ಯಾಂಗದಾರ್ರಿ?"

"ತೀರಿ ಐದ ದಿನ ಆತ್ರಿ. ದಿಕ್ಕಿಲ್ಲದ ಹೆಣಾ ಅಂತ ಕಾಗದಾ ಮಾಡೂಕಿಂತ ಮೊದಲ ಇನ್ನೊಮ್ಮೆ ಹುಡುಕಿ ನೋಡೂಣು ಅಂತ ಟೈಪ್ ಮಾಡಿದೆ."

ಅಕ್ಕ, ತಮ್ಮ ಇಬ್ಬರೂ ಹೋಗಿ ತಂದರು. ಮುದ್ದೇಬಿಹಾಳದ ಆಚೆ, ಅವರದೇ ಹೊಲದ ಬದುವಿನಲ್ಲಿ ಮಣ್ಣಾಯಿತು. ಚಹಾದಂಗಡಿಯ ಕತೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಗೇ ಮುಗಿಸಿದರೆ ಅದು ಒಳ್ಳೆಯ ಕತೆಯೇ.

ನನಗೆ ಮಾತ್ರ ಒಂದು ಅಂಶ ಬಾಕಿ ಉಳಿದಿತ್ತು. ವಾರದ ಮೇಲೆ ಆ ದವಾಖಾನೆಯ ನಂಬರಿಗೆ ಫೋನ್ ಮಾಡಿ ಅವರನ್ನು ಕೇಳಿದೆ: "ನೀವು ಮೊದಲೂ ಒಮ್ಮೆ ನಮ್ಮ ಪುಟ ನೋಡಿದ್ರಿ. ಗುರುವಾರ. ಆಗ್ಯಾಕ ಫೋನ್ ಮಾಡ್ಲಿಲ್ರಿ?"

ಅವರು ಮುಚ್ಚಿಡಲಿಲ್ಲ. ಕೆಲಸದ ಕಟ್ಟಡದಿಂದ ಬಿದ್ದ ಮನುಷ್ಯನನ್ನು ಯಾರೋ ರಿಕ್ಷಾದಲ್ಲಿ ತಂದು ಬಿಟ್ಟುಹೋಗಿದ್ದರು. ತಲೆಗೆ ಪೆಟ್ಟಾಗಿ ಮಾತು ನಿಂತಿತ್ತು. "ಮರಾಠ್ಯಾಗ ನೀರ ಬೇಕೇನಂದ್ರ ಸುಮ್ಕ ಇರ್ತಿದ್ರು. ಕನ್ನಡದಾಗ ಕೇಳಿದ್ರ ಕಣ್ಣ ಮಿಟಗಸ್ತಿದ್ರು. ಅದರ ಮ್ಯಾಲೆ ಕನ್ನಡದವರು ಅಂತ ತಿಳೀತು. ನಿಮ್ಮ ಪುಟ ಸಿಕ್ಕಿತ್ರಿ, ಮಂಡಿ ಹೊಂದ್ತಿತ್ತು, ಉಗುರೂ ಹೊಂದ್ತಿತ್ತು. ಹೋಗಿ ಕಿವ್ಯಾಗ ಆ ಹೆಸರಲೆ ಕರದೆ. ಎರಡ ಸಲ, ಮೂರ ಸಲ. ಕಣ್ಣ ಮಿಟಗಸಲಿಲ್ಲ. ನಮ್ಮಲ್ಲೆ ಕಲ್ಲ ಕೆಲಸದವರು ಭಾಳ ಮಂದಿ ಬರ್ತಾರ್ರಿ, ಎಲ್ಲಾರ ಮಂಡೀನೂ ಕಪ್ಪ. ತನ್ನ ಹೆಸರಿಗೆ ಕಣ್ಣ ತಿರುಗಸದವರು ಅವರ ಹ್ಯಾಂಗ ಆಗ್ತಾರು, ಬ್ಯಾರೇದವರ ಮನಿಗೆ ಸುಳ್ಳ ಆಸೆ ಯಾಕ ಹಚ್ಚಲಿ ಅಂತ ಬಿಟ್ಟೆ."

ಆಮೇಲೆ ತಾವಾಗಿಯೇ ಇನ್ನೊಂದು ಮಾತು ಹೇಳಿದರು. "ಒಂದ ಕೈ ಆಡ್ತಿತ್ತು. ಬೆರಳಿನ ಗೆಣ್ಣಿಲೆ ಮಂಚದ ಕಂಬಿ ಬಡೀತಿದ್ರು ದಿನಾ. ಏನರ ಬೇಕೇನೋ ಅಂತ ನಾವೆಲ್ಲಾ ಓಡಿ ಹೋಗ್ತಿದ್ವಿ."

ನಾನು ಫೋನ್ ಇಟ್ಟೆ. ಡ್ರೈವರ್ ತಮ್ಮನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು, ನಿಮ್ಮ ಭಾವನವರನ್ನು ಊರಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿದೆ. ಅವನು ಹೇಳಿದ ಹೆಸರು ಬೇರೆ. ಹುಟ್ಟಿದಾಗಿನಿಂದ ಮನೆ, ಓಣಿ, ಕೆಲಸದ ಜಾಗ, ಎಲ್ಲ ಕಡೆ ಆ ಒಂದೇ ಹೆಸರು. ಕಾರ್ಡಿನದು ಶಾಲೆಗೆ ಹಾಕುವಾಗ ಮಾಸ್ತರು ಬರೆದದ್ದು. "ಅದನ್ನ ಯಾರೂ ಕರ್ಯಾಂಗಿಲ್ರಿ. ಅವರೂ ಮರತಿರಬೇಕು," ಎಂದ. ನಮ್ಮ ಕಡೆ ಅರ್ಧ ಗಂಡಸರ ಕತೆ ಹೀಗೇ. ನಮ್ಮಪ್ಪನದೂ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ; ವಾದದ ಬಿಸಿಯಲ್ಲಿ ಬೇಕಾಗದ ವಿಷಯವಾಗಿತ್ತು.

ಈಗ ಯಾರಾದರೂ ನನ್ನನ್ನು, ಉದ್ದ ಬಾಲದ ಪದಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಕೇಳಿದರೆ ಮಾಡುತ್ತವೆ ಎಂದೇ ಹೇಳಬೇಕಾಗುತ್ತದೆ. ಜನ ತುಂಬಿದ ಇಡೀ ದೇಶದಲ್ಲಿ ಆ ಪುಟ ಬೇಕಾಗಿದ್ದದ್ದು ಒಬ್ಬರಿಗೆ. ಕಪ್ಪು ಮಂಡಿ, ಕಲ್ಲು ಕೆಲಸ ಎಂಬ ಆ ಬಡಪಾಯಿ ಮಾತುಗಳು ಅವರನ್ನೇ ಕರೆದುಕೊಂಡು ಬಂದವು, ಅದೂ ಅವನು ಉಸಿರಾಡುತ್ತಿದ್ದಾಗ. ಹೊಸ್ತಿಲವರೆಗೆ ತಂದವು. ಹೊಸ್ತಿಲಲ್ಲಿ ನಾನು ದಪ್ಪ ಅಕ್ಷರದಲ್ಲಿ ಬರೆದ ಹೆಸರು ನಿಂತಿತ್ತು, ಅವರನ್ನು ತಿರುಗಿಸಿ ಕಳಿಸಿತು. ಆ ಹೆಸರು ಇಲ್ಲದಿದ್ದರೆ ಫೋನ್ ಮಾಡುತ್ತಿದ್ದರು ಎಂದು ನಾನು ಸಾಧಿಸಿ ತೋರಿಸಲಾರೆ. ಎದುರು ಪಕ್ಷದಲ್ಲಿ ನಾನೇ ನಿಂತು, "ಆ ಫೋನ್ ಬಂದಿದ್ದರೂ ಅವನು ಬದುಕುತ್ತಿದ್ದನೆಂದು ಏನು ಗ್ಯಾರಂಟಿ?" ಎಂದು ಕೇಳಬಲ್ಲೆ. ಕೇಳಿಕೊಂಡಿದ್ದೇನೆ ಕೂಡ. ಬದುಕುತ್ತಿರಲಿಲ್ಲವೇನೋ. ಆದರೆ ಆ ಗುರುವಾರದ ಆಚೆ ಹದಿನೈದು ದಿನ ಅವನು ಕಂಬಿ ಬಡಿಯುತ್ತ ಮಲಗಿದ್ದ, ಅದರ ಅರ್ಥ ತಿಳಿಯಬಲ್ಲ ಒಬ್ಬಳೇ ಒಬ್ಬಳು ಮುದ್ದೇಬಿಹಾಳದ ಕಡೆ ಫೋನಿನ ದಾರಿ ಕಾಯುತ್ತಿದ್ದಳು.

ಚಾಚಾನಿಗೆ ಇದನ್ನು ಹೇಳಿದಾಗ, "ಆ ಬಾಯಿಗೆ ಹೇಳಬ್ಯಾಡ. ಹೇಳಿದ್ರ ನಿನಗ ಹಗುರ ಆಗ್ತೈತಿ, ಆಕಿಗೆ ವಜ್ಜೆ," ಎಂದಿದ್ದರು. ಆ ವಾದದಲ್ಲಿ ಹುಳುಕು ಹುಡುಕಲು ಮೂರು ವರ್ಷ ಪ್ರಯತ್ನಿಸಿದೆ, ಸಿಗಲಿಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಬಸ್ಸು ಹತ್ತಿದೆ.

ಆಕೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಹಣೆ ಖಾಲಿ ಇತ್ತು. ನನ್ನನ್ನು ನೋಡಿ ಎದ್ದು ನೀರು ಕೊಟ್ಟಳು, ಒಳಗೆ ಕೂರಿಸಿದಳು. ಚಹಾ ಬೇಡವೆಂದರೂ ಒಲೆಗೆ ಇಟ್ಟಳು. ನಾನು ತಯಾರು ಮಾಡಿಕೊಂಡು ಹೋದದ್ದೆಲ್ಲ ಬೇರೆಯೇ ಕ್ರಮದಲ್ಲಿ ಹೊರಬಂತು. ಮೊದಲು ಕಂಬಿ ಬಡಿದದ್ದು ಹೇಳಿದೆ. ಆಮೇಲೆ ಹೆಸರು. ಆಮೇಲೆ ಗುರುವಾರ. ಆಮೇಲೆ ಗೀಟು.

ಆಕೆ ಅಳಲಿಲ್ಲ. ಚಹಾ ಉಕ್ಕಿತು, ಇಳಿಸಿದಳು.

"ಸರಕಾರದ ಹೆಸರು ಅಂತ ಹೇಳಿದ್ನೆಲ್ಲ ತಂಗಿ."

"ಹೇಳಿದ್ರಿ."

"ನೀ ಶಾಣ್ಯಾಕಿ, ನಿನಗ ತಿಳದಿರಬೇಕು ಅಂದ್ಕೊಂಡೆ." ಸೆರಗಿನಿಂದ ಲೋಟ ಹಿಡಿದು ನನ್ನ ಮುಂದಿಟ್ಟಳು. "ಕಂಬಿ ಬಡೀತಿದ್ರು ಅಂದೆಲ್ಲ, ಯಾವ ಕೈ?"

"ಕೇಳಲಿಲ್ರಿ ಅಕ್ಕಾರ."

"ಬಲಗೈ ಇರಬೇಕು," ಎಂದಳು ಆಕೆ, ತನಗೇ ಹೇಳಿಕೊಂಡಂತೆ. ಹೊರಗೆ ಕೋಳಿಗಳು ತೊಗರಿಗೆ ಬಾಯಿ ಹಾಕಿದ್ದವು. ಎದ್ದು ಓಡಿಸಿ ಬಂದು ಮತ್ತೆ ಕೂತಳು. ನಾನು ಹೇಳುವುದು ಮುಗಿದಿತ್ತು. ಬೈಯಲಿ ಎಂದು ಕಾದೆ; ಬೈದರೆ ಅದಕ್ಕೊಂದು ಉತ್ತರ ನನ್ನ ಬಳಿ ಇತ್ತು, ಬಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ.

"ಅವತ್ತ ನಿನ್ನ ಮುಂದ ಹೇಳಿದಂಗ ನಾ ಅವರ ಬಗ್ಗೆ ಯಾರ ಮುಂದೂ ಹೇಳಿದ್ದಿಲ್ಲ," ಎಂದಳು. "ಈಗ ಒಂದೊಂದ ಮರ್ಯಾಕತ್ತೇನಿ. ನೀ ಬರಕೊಂಡಿದ್ದೆಲ್ಲ, ಗೀಟ ಹೊಡದದ್ದರಾಗ ಮತ್ತ ಏನೇನ ಇತ್ತವ್ವ?"